ಹೆಸರು ಬೇರೆ, ಮದ್ದು ಒಂದೇ. ಹೆಸರು ಒಂದೇ, ಮದ್ದು ಬೇರೆ

ಅಮೆರಿಕದ ಯಾವುದಾದರೂ ದೊಡ್ಡ ಬಂದೂಕಿನ ಅಂಗಡಿಗೆ ಹೋದರೆ ಒಂದು ಗೋಡೆ ತುಂಬ ಪ್ಲಾಸ್ಟಿಕ್ ಡಬ್ಬಿಗಳು ಕಾಣುತ್ತವೆ. ಒಂದೊಂದರಲ್ಲೂ ಒಂದು ಪೌಂಡ್ ಕೋವಿಮದ್ದು, ಅಂದರೆ ಸುಮಾರು 454 ಗ್ರಾಂ. ಹಾಜ್ಡನ್, ಐಎಂಆರ್, ವಿಂಚೆಸ್ಟರ್, ಅಲೈಯಂಟ್, ಅಕ್ಯುರೇಟ್, ರಾಮ್‌ಶಾಟ್, ಫಿನ್ಲೆಂಡಿನ ವಿಹ್ಟಾವುಓರಿ. ಒಂದೊಂದು ಹೆಸರಿನ ಕೆಳಗೂ ಹತ್ತಾರು ಬಗೆ. ರೈಫಲ್ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳಲು ಶುರು ಮಾಡಿದ ಪ್ರತಿಯೊಬ್ಬರೂ ಆ ಗೋಡೆಯ ಮುಂದೆ ನಿಂತು ಇದೇ ಪ್ರಶ್ನೆ ಕೇಳುತ್ತಾರೆ. ಇವುಗಳಲ್ಲಿ ನಿಜವಾಗಿ ವ್ಯತ್ಯಾಸ ಇದೆಯಾ, ಅಥವಾ ಸುಮ್ನೆ ಲೇಬಲ್ ಮಾತ್ರ ಬೇರೆನಾ?

ನಾನೂ ಕೇಳಿದ್ದೆ. ಅಂಗಡಿಯಲ್ಲಿ ಒಬ್ಬರು "ಎಲ್ಲಾ ಒಂದೇ, ಸಿಕ್ಕಿದ್ದು ತಗೊಳ್ಳಿ" ಅಂದರು. ಪಕ್ಕದಲ್ಲಿದ್ದವರು "ನಾನು ಮೂವತ್ತು ವರ್ಷದಿಂದ ಒಂದೇ ಬ್ರಾಂಡ್, ಬೇರೆಯದನ್ನು ಮುಟ್ಟಲ್ಲ" ಅಂದರು. ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. ಆ ಅರ್ಧ ಯಾವುದು ಅಂತ ತಿಳಿದುಕೊಳ್ಳದಿದ್ದರೆ ದುಡ್ಡು ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಕಣ್ಣು ಕೈಗೆ ಅಪಾಯ ಆಗಬಹುದು.

ಮೊದಲು ಈ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಈಡು ಹೊಡೆದ ಮೇಲೆ ತೋಟಾದ ಹಿತ್ತಾಳೆ ಕೇಸ್ ಹಾಗೇ ಉಳಿಯುತ್ತದೆ. ಅದನ್ನು ತೊಳೆದು, ಅಳತೆಗೆ ತಂದು, ಹೊಸ ಪ್ರೈಮರ್ (ಕಿಡಿ ಕೊಡುವ ಪುಟ್ಟ ಕೇಪು) ಕೂರಿಸಿ, ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತಿದರೆ ಮತ್ತೆ ತೋಟಾ ಸಿದ್ಧ. ಇದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ನಮ್ಮ ಮಲೆನಾಡು, ಕೊಡಗಿನ ಹಳೆಯ ಕೇಪಿನ ಕೋವಿ ನೋಡಿದವರಿಗೆ ಇದರ ತತ್ವ ಹೊಸದಲ್ಲ. ಕೇಪು ಕಿಡಿ ಕೊಡುತ್ತದೆ, ಮದ್ದು ಉರಿಯುತ್ತದೆ, ಅದರಿಂದ ಹುಟ್ಟಿದ ಅನಿಲದ ಒತ್ತಡ ಗುಂಡನ್ನು ತಳ್ಳುತ್ತದೆ. ಆದರೆ ಅದರಲ್ಲಿದ್ದದ್ದು ಕಪ್ಪು ಮದ್ದು. ಇಲ್ಲಿ ಹೇಳುತ್ತಿರುವುದು ಹೊಗೆಯಿಲ್ಲದ ಮದ್ದು. ಎರಡರ ಸ್ವಭಾವವೇ ಬೇರೆ. ಕಪ್ಪು ಮದ್ದಿನ ಕೋವಿಗೆ ಇದನ್ನು ಹಾಕಿದರೆ ನಳಿಗೆ ಸಿಡಿಯುತ್ತದೆ.

ಇನ್ನೊಂದು ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸುವುದಕ್ಕೆ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವುದು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ. ಅದು ತೋಟಾ ತಯಾರಿಕೆಗೆ ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳುವುದು ಸಾಮಾನ್ಯ ಹವ್ಯಾಸ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಆ ದೇಶದ ಸಂಗತಿ.

ರವೆಯ ಹಾಗೆ

ಮದ್ದು ಸ್ಫೋಟಿಸುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಿಜವಾಗಿ ಅದು ಉರಿಯುತ್ತದೆ, ಬಹಳ ಬೇಗ ಉರಿಯುತ್ತದೆ, ಅಷ್ಟೇ. ಪ್ರತಿ ಕಾಳೂ ಹೊರಮೈಯಿಂದ ಒಳಕ್ಕೆ ಸುಡುತ್ತಾ ಹೋಗುತ್ತದೆ. ಗುಂಡು ನಳಿಗೆ ದಾಟಿ ಹೋಗಲು ಬೇಕಾಗುವುದು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಅಷ್ಟರೊಳಗೆ ಎಷ್ಟು ಅನಿಲ, ಯಾವ ಕ್ಷಣದಲ್ಲಿ ಹುಟ್ಟುತ್ತದೆ ಅನ್ನುವುದೇ ಇಡೀ ಆಟ.

ಅಡುಗೆಮನೆಯ ರವೆ ನೆನೆಸಿಕೊಳ್ಳಿ. ಚಿರೋಟಿ ರವೆ, ಉಪ್ಪಿಟ್ಟಿನ ರವೆ, ದಪ್ಪ ರವೆ ಎಲ್ಲವೂ ಗೋಧಿಯೇ. ಆದರೆ ಚಿರೋಟಿ ರವೆಗೆ ನೀರು ಬಿದ್ದ ತಕ್ಷಣ ಹೀರಿಕೊಂಡು ಮುದ್ದೆಯಾಗುತ್ತದೆ, ದಪ್ಪ ರವೆ ನಿಧಾನವಾಗಿ ಬೇಯುತ್ತದೆ. ಕಾರಣ ಕಾಳಿನ ಗಾತ್ರ. ಮದ್ದಿನಲ್ಲೂ ಮೊದಲ ವ್ಯತ್ಯಾಸ ಇದೇ. ಕಾಳು ಸಣ್ಣದಾದಷ್ಟೂ ಒಟ್ಟು ಹೊರಮೈ ಜಾಸ್ತಿ, ಉರಿ ಜೋರು. ದಪ್ಪವಾದಷ್ಟೂ ನಿಧಾನ.

ಎರಡನೆಯದು ಆಕಾರ. ಐಎಂಆರ್, ಹಾಜ್ಡನ್ ಡಬ್ಬಿಗಳಲ್ಲಿ ಬರುವ ಹಲವು ಮದ್ದುಗಳು ಪುಟ್ಟ ಕಡ್ಡಿಗಳಂತಿರುತ್ತವೆ. ಪೆನ್ಸಿಲ್ ಸೀಸವನ್ನು ಸಣ್ಣಗೆ ಕತ್ತರಿಸಿದ ಹಾಗೆ. ಭೂತಗನ್ನಡಿ ಹಿಡಿದು ನೋಡಿದರೆ ಪ್ರತಿ ಕಡ್ಡಿಯ ನಡುವೆ ಒಂದು ತೂತು ಕಾಣುತ್ತದೆ. ಆ ತೂತು ಸುಮ್ನೆ ಇಲ್ಲ. ತೂತಿಲ್ಲದ ಕಡ್ಡಿ ಸುಡುತ್ತಾ ಹೋದ ಹಾಗೆ ಸಣ್ಣದಾಗುತ್ತದೆ, ಅನಿಲವೂ ಕಡಿಮೆಯಾಗುತ್ತದೆ. ತೂತಿದ್ದರೆ ಹೊರಗಿನಿಂದ ಮೈ ಕುಗ್ಗುವಾಗ ಒಳಗಿನ ತೂತು ಹಿಗ್ಗುತ್ತದೆ. ಒಟ್ಟು ಉರಿಯುವ ಮೈ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಗುಂಡು ಮುಂದೆ ಓಡುತ್ತಾ ಹಿಂದಿನ ಜಾಗ ದೊಡ್ಡದಾಗುತ್ತಿರುವಾಗಲೂ ತಳ್ಳುವ ಬಲ ಬೇಗ ಸೊರಗುವುದಿಲ್ಲ. ಇಷ್ಟು ಚಿಕ್ಕ ತೂತಿನಲ್ಲಿ ಇಷ್ಟು ಬುದ್ಧಿ ಇದೆ ಅಂತ ಗೊತ್ತಾದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ಇನ್ನೊಂದು ಆಕಾರ ದುಂಡಗಿನ ಕಾಳು. ಬಾಲ್ ಪೌಡರ್ ಅನ್ನುತ್ತಾರೆ. ಇದು ಅಮೆರಿಕದ ವೆಸ್ಟರ್ನ್ ಕಾರ್ಟ್ರಿಜ್ ಕಂಪನಿಯಲ್ಲಿ 1930ರ ದಶಕದಲ್ಲಿ ಹುಟ್ಟಿದ ವಿಧಾನ. ದುಂಡು ಕಾಳು ಸುಡುತ್ತಾ ಕುಗ್ಗುವುದು ಸಹಜ. ಅದಕ್ಕೇ ಹೊರಮೈಗೆ ಉರಿಯನ್ನು ತಡೆಯುವ ರಾಸಾಯನಿಕದ ಲೇಪ ಕೊಡುತ್ತಾರೆ. ಮೊದಲು ನಿಧಾನವಾಗಿ ಹತ್ತಿಕೊಂಡು, ಲೇಪ ಕಳೆದ ಮೇಲೆ ಚುರುಕಾಗುತ್ತದೆ. ಕಡ್ಡಿ ಮದ್ದಿಗೂ ಇಂಥ ಲೇಪ ಇರುತ್ತದೆ, ಆದರೆ ದುಂಡು ಮದ್ದು ಅದನ್ನೇ ಹೆಚ್ಚು ನಂಬಿಕೊಂಡಿದೆ. ಇದರ ಮೇಲೆ ಗ್ರಾಫೈಟಿನ ತೆಳು ಪದರ. ಕಪ್ಪಗೆ ಹೊಳೆಯುವುದು ಅದರಿಂದಲೇ.

ಮೂರನೆಯದು ರಸಾಯನ. ಎಲ್ಲಾ ಹೊಗೆರಹಿತ ಮದ್ದಿನ ಬುಡ ನೈಟ್ರೋಸೆಲ್ಯುಲೋಸ್. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಇದನ್ನು ಪಳಗಿಸಿ ಕೋವಿಗೆ ಒಗ್ಗುವಂತೆ ಮಾಡಿದರು. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಅದಕ್ಕೆ ನೈಟ್ರೋಗ್ಲಿಸರಿನ್ ಸೇರಿಸಿ ಇನ್ನೊಂದು ಬಗೆ ತಂದರು. ಬರೀ ಮೊದಲನೆಯದಿದ್ದರೆ ಸಿಂಗಲ್ ಬೇಸ್, ಎರಡೂ ಇದ್ದರೆ ಡಬಲ್ ಬೇಸ್. ಡಬಲ್ ಬೇಸ್‌ನಲ್ಲಿ ಅಷ್ಟೇ ತೂಕಕ್ಕೆ ಶಕ್ತಿ ಜಾಸ್ತಿ, ಉರಿಯ ಬಿಸಿಯೂ ಸಾಮಾನ್ಯವಾಗಿ ಜಾಸ್ತಿ. 1889ರಲ್ಲಿ ಬ್ರಿಟಿಷರು ಮಾಡಿದ ಕಾರ್ಡೈಟ್ ಕೂಡ ಡಬಲ್ ಬೇಸೇ. ಊಟಿಯ ಪುಟ್ಟ ರೈಲಿನಲ್ಲಿ ಕೂನೂರು ದಾಟಿದ ಮೇಲೆ ಅರುವಂಕಾಡು ಸ್ಟೇಷನ್ ಸಿಗುತ್ತದಲ್ವಾ, ಅಲ್ಲಿನ ಕಾರ್ಡೈಟ್ ಕಾರ್ಖಾನೆಗೆ ಹೆಸರು ಬಂದದ್ದು ಇದರಿಂದ. ಮೈಸೂರು, ಚಾಮರಾಜನಗರದ ಕಡೆಯಿಂದ ಊಟಿಗೆ ಹೋದವರು ಎಷ್ಟೋ ಜನ ಆ ಬೋರ್ಡ್ ನೋಡಿರುತ್ತಾರೆ.

ಗಾತ್ರ, ಆಕಾರ, ಲೇಪ, ರಸಾಯನ. ಮದ್ದು ಮದ್ದಿಗೂ ಇರುವ ನಿಜವಾದ ವ್ಯತ್ಯಾಸ ಈ ನಾಲ್ಕರಲ್ಲಿದೆ. ಬ್ರಾಂಡ್ ಈ ಪಟ್ಟಿಯಲ್ಲಿ ಇಲ್ಲ, ಗಮನಿಸಿ.

ಡಬ್ಬಿಯ ಹಿಂದಿನ ಕಾರ್ಖಾನೆ

ಹಾಗಾದರೆ ಬ್ರಾಂಡ್ ಅಂದರೆ ಏನು? ಹೆಚ್ಚಿನ ಸಲ ಅದು ಡಬ್ಬಿಗೆ ತುಂಬಿ ಮಾರುವವರ ಹೆಸರು. ಮದ್ದು ಮಾಡುವ ಕಾರ್ಖಾನೆ ಬೇರೆಯೇ ಇರುತ್ತದೆ.

ಹಾಜ್ಡನ್ ಕಂಪನಿಯ ಕಥೆಯನ್ನೇ ನೋಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯ ಬಳಿ ಬೆಟ್ಟದಷ್ಟು ಮದ್ದು ಉಳಿದಿತ್ತು. ಕಾನ್ಸಸ್ ರಾಜ್ಯದ ಬ್ರೂಸ್ ಹಾಜ್ಡನ್ ಅದನ್ನು ಕೊಂಡು ಚಿಲ್ಲರೆಯಾಗಿ ಮಾರತೊಡಗಿದರು. ಅಂದರೆ ಮೊದಲ ದಿನದಿಂದಲೂ ಅವರದು ಮಾರಾಟದ ಕಂಪನಿ. ಇವತ್ತು ಅವರು ಮಾರುವ ಪ್ರಸಿದ್ಧ ಕಡ್ಡಿ ಮದ್ದುಗಳು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಮುಲ್ವಾಲಾ ಎಂಬ ಊರಿನಿಂದ ಬರುತ್ತವೆ. ಆಸ್ಟ್ರೇಲಿಯಾದಲ್ಲಿ ಅವೇ ಮದ್ದುಗಳು ಎಡಿಐ ಹೆಸರಿನಲ್ಲಿ ಮಾರಾಟವಾಗುತ್ತವೆ. ಅಲ್ಲಿ ಎಆರ್2208 ಅಂದರೆ ಅಮೆರಿಕದಲ್ಲಿ ವಾರ್ಗೆಟ್. ಎಆರ್2209 ಅಂದರೆ ಎಚ್4350. ಇದು ಊಹೆಯಲ್ಲ, ಎಡಿಐ ತಾನೇ ಪಟ್ಟಿ ಕೊಟ್ಟು ಹೇಳುವ ಮಾತು.

ದುಂಡು ಮದ್ದುಗಳ ಕಥೆ ಇನ್ನೂ ಸ್ಪಷ್ಟ. ಫ್ಲಾರಿಡಾದ ಸೇಂಟ್ ಮಾರ್ಕ್ಸ್ ಕಾರ್ಖಾನೆ ಸೇನೆಗೂ ಮಾಡುತ್ತದೆ, ಬೇರೆ ಬೇರೆ ಬ್ರಾಂಡಿಗೂ ಮಾಡುತ್ತದೆ. ಹಾಜ್ಡನ್ ಎಚ್414 ಮತ್ತು ವಿಂಚೆಸ್ಟರ್ 760 ಎರಡೂ ಒಂದೇ ಮದ್ದು. ಪಿಸ್ತೂಲಿನ ಮದ್ದುಗಳಲ್ಲಿ ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಕೂಡ ಹಾಗೇ, ಎಚ್110 ಮತ್ತು ವಿಂಚೆಸ್ಟರ್ 296 ಕೂಡ ಹಾಗೇ. ಈ ಜೋಡಿಗಳಲ್ಲಿ ಯಾವುದು ಚೆನ್ನ ಅಂತ ಜನ ದಶಕಗಟ್ಟಲೆ ವಾದ ಮಾಡಿದ್ದಾರೆ. ಒಂದು ತನ್ನ ಕೋವಿಗೆ ಒಗ್ಗಿತು, ಇನ್ನೊಂದು ಒಗ್ಗಲಿಲ್ಲ ಅಂತ ಪ್ರಾಮಾಣಿಕವಾಗಿ ನಂಬಿದವರಿದ್ದಾರೆ. ಒಂದೇ ಮದ್ದು ಎರಡು ಡಬ್ಬಿಯಲ್ಲಿದ್ದಾಗ ಅವರಿಗೆ ಕಂಡ ವ್ಯತ್ಯಾಸ ಎಲ್ಲಿಂದ ಬಂತು? ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಈಗ ಮಾಲೀಕತ್ವವೂ ಒಂದೇ ಕಡೆ ಸೇರಿದೆ. ಹಾಜ್ಡನ್ 2003ರಲ್ಲಿ ಐಎಂಆರ್ ಕೊಂಡಿತು. 2006ರಿಂದ ವಿಂಚೆಸ್ಟರ್ ಹೆಸರಿನ ಮದ್ದನ್ನೂ ಅದೇ ಮಾರುತ್ತಿದೆ. 2020ರಲ್ಲಿ ಅಕ್ಯುರೇಟ್ ಮತ್ತು ರಾಮ್‌ಶಾಟ್ ಕೂಡ ಅದರ ತೆಕ್ಕೆಗೆ ಬಂದವು. ಗೋಡೆಯ ಮೇಲೆ ಪೈಪೋಟಿಗೆ ನಿಂತಂತೆ ಕಾಣುವ ಐದು ಹೆಸರುಗಳ ದುಡ್ಡು ಒಂದೇ ಮನೆಗೆ ಹೋಗುತ್ತದೆ. ಆದರೆ ಮದ್ದು ಬರುವುದು ಆಸ್ಟ್ರೇಲಿಯಾ, ಫ್ಲಾರಿಡಾ, ಕೆನಡಾದ ವ್ಯಾಲಿಫೀಲ್ಡ್, ಬೆಲ್ಜಿಯಂ ಹೀಗೆ ಬೇರೆ ಬೇರೆ ಕಡೆಯಿಂದ. ವಿಹ್ಟಾವುಓರಿ ಇದಕ್ಕೆ ಹೊರತು. ಫಿನ್ಲೆಂಡಿನ ಅದೇ ಹೆಸರಿನ ಊರಿನಲ್ಲಿ, 1922ರಲ್ಲಿ ಶುರುವಾದ ಕಾರ್ಖಾನೆಯಲ್ಲಿ ಅವರೇ ಮಾಡಿ, ತಮ್ಮದೇ ಹೆಸರಿನಲ್ಲಿ ಮಾರುತ್ತಾರೆ.

ಈಗ ಇದರ ಉಲ್ಟಾ ಕಥೆ. ಇದು ಅಪಾಯದ್ದು.

4831 ಅನ್ನುವ ಸಂಖ್ಯೆ ಇದೆ. ಯುದ್ಧಕಾಲದಲ್ಲಿ 20 ಮಿಲಿಮೀಟರ್ ಫಿರಂಗಿಗೆ ಮಾಡಿದ ಮದ್ದು ಅದು. ಹಾಜ್ಡನ್ ಅದನ್ನೇ ಎಚ್4831 ಅಂತ ಮಾರಿದರು. ಹಳೆಯ ದಾಸ್ತಾನು ಮುಗಿದ ಮೇಲೆ ಅದೇ ಹೆಸರಿನಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿಸಿದರು, ನಂತರ ಆಸ್ಟ್ರೇಲಿಯಾದಲ್ಲಿ. ಈ ನಡುವೆ 1973ರಲ್ಲಿ ಡುಪಾಂಟ್ ಕಂಪನಿ ಐಎಂಆರ್ 4831 ಅಂತ ತನ್ನದೊಂದು ಮದ್ದು ತಂದಿತು. ಸಂಖ್ಯೆ ಒಂದೇ. ಆದರೆ ಐಎಂಆರ್ 4831 ಎಚ್4831ಗಿಂತ ಬೇಗ ಉರಿಯುತ್ತದೆ. ಎಚ್4831ಗೆ ಹೇಳಿದ ಗರಿಷ್ಠ ಅಳತೆಯನ್ನು ಐಎಂಆರ್ 4831ರಲ್ಲಿ ತುಂಬಿದರೆ ಒತ್ತಡ ಮಿತಿ ಮೀರುತ್ತದೆ. ಎರಡೂ ಇವತ್ತು ಒಂದೇ ಕಂಪನಿಯವು, ಅಂಗಡಿಯಲ್ಲಿ ಅಕ್ಕಪಕ್ಕ ಕೂತಿರಬಹುದು. 4350, 4895ರಲ್ಲೂ ಇದೇ ಗೊಂದಲ. ಐಎಂಆರ್, ಹಾಜ್ಡನ್, ಅಕ್ಯುರೇಟ್ ಮೂರರಲ್ಲೂ 4350 ಇದೆ. ಮೂರೂ ಹತ್ತಿರದವು, ಒಂದೂ ಇನ್ನೊಂದಲ್ಲ.

ಹತ್ತಿರ ಅಂದರೆ ಸಾಲದು ಯಾಕೆ ಅಂತ ಹೇಳುತ್ತೇನೆ. 308 ವಿಂಚೆಸ್ಟರ್ ಎಂಬ ರೈಫಲ್ ತೋಟಾಕ್ಕೆ ಅಮೆರಿಕದ ಮಾನದಂಡ ಒಪ್ಪುವ ಗರಿಷ್ಠ ಸರಾಸರಿ ಒತ್ತಡ ಚದರ ಇಂಚಿಗೆ 62,000 ಪೌಂಡ್. ಕಾರಿನ ಟೈರಿನಲ್ಲಿ 32 ಇರುತ್ತದೆ. ಅದರ 1,900 ಪಟ್ಟಿಗೂ ಹೆಚ್ಚು. ಇಷ್ಟು ಒತ್ತಡ ನಿಮ್ಮ ಕೆನ್ನೆಯಿಂದ ಒಂದೆರಡು ಗೇಣು ದೂರದಲ್ಲಿ, ಮೂರು ಗ್ರಾಮಿಗಿಂತ ಕಡಿಮೆ ಮದ್ದಿನಿಂದ ಹುಟ್ಟುತ್ತದೆ. ಇಲ್ಲಿ "ಹೆಚ್ಚುಕಡಿಮೆ ಅದೇ" ಅನ್ನುವ ಲೆಕ್ಕ ನಡೆಯುವುದಿಲ್ಲ. ಮದ್ದುಗಳನ್ನು ಉರಿಯುವ ವೇಗದ ಪ್ರಕಾರ ಸಾಲಾಗಿ ಬರೆದ ಪಟ್ಟಿಗಳು ಎಲ್ಲಾ ಕಡೆ ಸಿಗುತ್ತವೆ. ಅದು ಕ್ಲಾಸಿನ ರ‍್ಯಾಂಕ್ ಪಟ್ಟಿ ಇದ್ದ ಹಾಗೆ. ಯಾರು ಮುಂದೆ, ಯಾರು ಹಿಂದೆ ಗೊತ್ತಾಗುತ್ತದೆ, ನಡುವೆ ಎಷ್ಟು ಅಂಕ ಅಂತ ಗೊತ್ತಾಗುವುದಿಲ್ಲ. ತೋಟಾ ಬದಲಾದರೆ ಅಕ್ಕಪಕ್ಕದ ಇಬ್ಬರ ಜಾಗ ಅದಲುಬದಲಾಗಲೂಬಹುದು. ಅದನ್ನು ನೋಡಿ ಅಳತೆ ನಿರ್ಧರಿಸಬಾರದು. ತಯಾರಕರು ಆ ಡಬ್ಬಿಯ ಪೂರ್ತಿ ಹೆಸರಿಗೇ ಕೊಟ್ಟ ಕೈಪಿಡಿಯ ಅಳತೆ ಮಾತ್ರ ನಂಬಬೇಕು. ಅದರಲ್ಲೂ ಕೆಳಗಿನ ಅಳತೆಯಿಂದ ಶುರು ಮಾಡಿ ಹಂತಹಂತವಾಗಿ ಹೋಗಬೇಕು.

ವಿಯೆಟ್ನಾಂನಲ್ಲಿ ಗೊತ್ತಾದದ್ದು

ಮದ್ದು ಬದಲಾದರೆ ನಿಜವಾಗಿ ಏನಾಗುತ್ತದೆ ಅನ್ನುವುದಕ್ಕೆ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಎಂ16 ರೈಫಲಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಈ ರೈಫಲ್ ಮತ್ತು ಅದರ ಸಣ್ಣ ತೋಟಾ ರೂಪುಗೊಂಡದ್ದು ಡುಪಾಂಟಿನ ಐಎಂಆರ್ 4475 ಎಂಬ ಕಡ್ಡಿ ಮದ್ದಿನ ಜೊತೆಗೆ. ಸೇನೆ ಸೆಕೆಂಡಿಗೆ 3,250 ಅಡಿ ವೇಗ ಬೇಕು ಅಂತ ಹೇಳಿತ್ತು. ಒತ್ತಡದ ಮಿತಿಯೊಳಗೆ ಆ ವೇಗವನ್ನು ದೊಡ್ಡ ಪ್ರಮಾಣದ ತಯಾರಿಕೆಯಲ್ಲಿ ಸದಾ ಕಾಯ್ದುಕೊಳ್ಳುವುದು ಐಎಂಆರ್ 4475ಗೆ ಕಷ್ಟವಾಯಿತು. 1964ರ ಹೊತ್ತಿಗೆ ಸೇನೆ ಡಬ್ಲ್ಯುಸಿ846 ಎಂಬ ದುಂಡು ಮದ್ದಿಗೆ ಒಪ್ಪಿಗೆ ಕೊಟ್ಟಿತು. ಕಾಗದದ ಮೇಲೆ ಎಲ್ಲವೂ ಸರಿ ಇತ್ತು. ವೇಗ ಅಷ್ಟೇ ಬರುತ್ತಿತ್ತು, ಕೋಣೆಯ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಒತ್ತಡವೂ ಮಿತಿಯೊಳಗಿತ್ತು.

ಆದರೆ ಎಂ16 ತಾನಾಗಿಯೇ ಮುಂದಿನ ತೋಟಾ ಎಳೆದುಕೊಳ್ಳುವ ಕೋವಿ. ನಳಿಗೆಯ ಮುಂಭಾಗದಲ್ಲಿ ಒಂದು ಸಣ್ಣ ರಂಧ್ರ. ಗುಂಡು ಅದನ್ನು ದಾಟಿದಾಗ ಸ್ವಲ್ಪ ಅನಿಲ ಅಲ್ಲಿಂದ ಹಿಂದಕ್ಕೆ ಬಂದು ಯಂತ್ರವನ್ನು ತಳ್ಳುತ್ತದೆ. ದುಂಡು ಮದ್ದು ತಡವಾಗಿ, ಹೆಚ್ಚು ಹೊತ್ತು ಉರಿಯುವುದರಿಂದ ಆ ರಂಧ್ರದ ಬಳಿ ಒತ್ತಡ ಹೆಚ್ಚಾಯಿತು. ಯಂತ್ರ ಲೆಕ್ಕಕ್ಕಿಂತ ಜೋರಾಗಿ ಹಿಂದೆ ಮುಂದೆ ಓಡಿತು. ನಿಮಿಷಕ್ಕೆ 850 ಈಡು ಅನ್ನುವ ಮಿತಿಯನ್ನು ಹಲವು ರೈಫಲುಗಳು ದಾಟಿದವು. ಖಾಲಿ ಕೇಸ್ ಇನ್ನೂ ಕೋಣೆಗೆ ಬಿಗಿಯಾಗಿ ಅಂಟಿಕೊಂಡಿರುವಾಗಲೇ ಕೊಕ್ಕೆ ಅದನ್ನು ಎಳೆಯುತ್ತಿತ್ತು. ಜೊತೆಗೆ ಆ ಮದ್ದಿನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಅನಿಲದ ಕೊಳವೆಯಲ್ಲಿ, ಕೋಣೆಯಲ್ಲಿ ಗಟ್ಟಿ ಕಿಟ್ಟವಾಗಿ ಕೂರುತ್ತಿತ್ತು.

ಯುದ್ಧದ ನಡುವೆ ರೈಫಲುಗಳು ಸಿಕ್ಕಿಕೊಂಡವು. ಕೋಣೆಗೆ ಕ್ರೋಮಿಯಂ ಲೇಪ ಇರಲಿಲ್ಲ, ಶುಚಿ ಮಾಡುವ ಸಾಮಾನು ಸಾಕಷ್ಟು ಕೊಟ್ಟಿರಲಿಲ್ಲ ಅನ್ನುವ ಬೇರೆ ತಪ್ಪುಗಳೂ ಸೇರಿದ್ದವು. ಮದ್ದೊಂದೇ ಕಾರಣ ಅಂದರೆ ತಪ್ಪಾಗುತ್ತದೆ. ಆದರೂ 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ಮಾಡಿದಾಗ ಮದ್ದು ಬದಲಿಸಿದ್ದನ್ನು ದೊಡ್ಡ ಕಾರಣಗಳಲ್ಲಿ ಒಂದಾಗಿ ಎತ್ತಿ ತೋರಿಸಿತು. ಸಿಕ್ಕಿಕೊಂಡ ರೈಫಲ್ ಕೈಯಲ್ಲಿದ್ದು ಸತ್ತ ಹುಡುಗರಿಗೆ ಹತ್ತೊಂಬತ್ತು ಇಪ್ಪತ್ತು ವಯಸ್ಸು. ವೇಗ ಮತ್ತು ಕೋಣೆಯ ಒತ್ತಡ, ಈ ಎರಡು ಅಂಕಿ ಸರಿ ಇದ್ದರೆ ಎಲ್ಲಾ ಸರಿ ಅಂದುಕೊಂಡದ್ದೇ ತಪ್ಪಾಯಿತು. ಮುಂದೆ ಕ್ಯಾಲ್ಸಿಯಂ ಕಾರ್ಬೊನೇಟ್ ಪ್ರಮಾಣಕ್ಕೆ ಮಿತಿ ಹಾಕಿ, ಈ ತೋಟಾಕ್ಕೆ ಬೇರೆ ಮಾಡಿದ ಮದ್ದಿಗೆ ಡಬ್ಲ್ಯುಸಿ844 ಅಂತ ಹೆಸರಿಟ್ಟರು. ಅದರ ಅಂಗಡಿ ರೂಪವೇ ಇವತ್ತಿನ ಹಾಜ್ಡನ್ ಎಚ್335. ಹಳೆಯ 846ರ ಅಂಗಡಿ ರೂಪ ಬಿಎಲ್-ಸಿ(2).

ಎರಡನೇ ಮಹಾಯುದ್ಧದ ಎಂ1 ಗರಾಂಡ್ ರೈಫಲಿಗೂ ಇದೇ ಎಚ್ಚರಿಕೆ ಬೇಕು. ತೀರ ನಿಧಾನದ ಮದ್ದು ಹಾಕಿದರೆ ಅದರ ಯಂತ್ರ ತಳ್ಳುವ ಸಲಾಕೆ ಬಾಗಬಹುದು. ಅದಕ್ಕೇ ಅದರ ಬಳಕೆದಾರರು 4895, 4064ರ ಆಸುಪಾಸಿನ ವೇಗದ ಮದ್ದನ್ನು ಬಿಟ್ಟು ಹೋಗುವುದಿಲ್ಲ. ಅದೇ ತೋಟಾವನ್ನು ಕೈಯಿಂದ ಬೋಲ್ಟ್ ಎಳೆಯುವ ರೈಫಲಿಗೆ ತುಂಬುವವರಿಗೆ ಈ ಚಿಂತೆಯಿಲ್ಲ.

ಬಿಸಿಲು, ಚಳಿ, ಅಳತೆಪಾತ್ರೆ

ನಿತ್ಯದ ಬಳಕೆಯಲ್ಲಿ ಗೊತ್ತಾಗುವ ಇನ್ನೊಂದು ವ್ಯತ್ಯಾಸ ಹವೆ. ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ. ಕೆಲವು ಮದ್ದುಗಳಲ್ಲಿ ಇದು ಜಾಸ್ತಿ, ಕೆಲವದರಲ್ಲಿ ಬಹಳ ಕಡಿಮೆ. ಮುಲ್ವಾಲಾದಿಂದ ಬರುವ ಕಡ್ಡಿ ಮದ್ದುಗಳು ಹೆಸರು ಮಾಡಿದ್ದೇ ಹವೆಗೆ ಅಷ್ಟಾಗಿ ಅಲುಗದ ಗುಣದಿಂದ.

ಒಂದು ಲೆಕ್ಕ ಹಾಕೋಣ. ಫ್ಯಾರನ್‌ಹೀಟ್ ಮಾಪಕದ ಒಂದೊಂದು ಡಿಗ್ರಿಗೆ ವೇಗ ಸೆಕೆಂಡಿಗೆ ಒಂದು ಅಡಿ ಬದಲಾಗುವ ಮದ್ದು ಅಂದುಕೊಳ್ಳಿ. ಚಳಿಗಾಲದ 5 ಡಿಗ್ರಿ ಸೆಲ್ಸಿಯಸ್‌ನಿಂದ ಬೇಸಿಗೆಯ 40 ಡಿಗ್ರಿಗೆ ಹೋದರೆ 63 ಅಡಿ ವ್ಯತ್ಯಾಸ. ನೂರು ಗಜದಲ್ಲಿ ಅದು ಗೊತ್ತೇ ಆಗುವುದಿಲ್ಲ. ಆರುನೂರು ಗಜದಲ್ಲಿ 308ರಂಥ ತೋಟಾಕ್ಕೆ ಸುಮಾರು ಐದಾರು ಇಂಚು ಮೇಲೋ ಕೆಳಗೋ ಆಗುತ್ತದೆ. ಚಳಿಯಲ್ಲಿ ಗರಿಷ್ಠ ಅಳತೆಗೆ ಸಿದ್ಧ ಮಾಡಿದ ತೋಟಾವನ್ನು ಕಡುಬಿಸಿಲಲ್ಲಿ ಹೊಡೆದರೆ ಒತ್ತಡವೂ ಏರುತ್ತದೆ. ಹಾಗಾಗಿ ದೂರದ ಗುರಿ ಹೊಡೆಯುವವರಿಗೆ ಈ ಗುಣಕ್ಕೆ ದುಡ್ಡು ಕೊಡುವುದು ಸರಿ ಅಂತ ನನ್ನ ಅಭಿಪ್ರಾಯ. ಇನ್ನೂರು ಗಜದೊಳಗೆ ಜಿಂಕೆ ಬೇಟೆ ಆಡುವ ಅಮೆರಿಕದ ರೈತನಿಗೆ ಅದರ ಅಗತ್ಯವೇ ಇಲ್ಲ.

ಅಳೆಯುವಾಗಲೂ ವ್ಯತ್ಯಾಸ ಇದೆ. ದುಂಡು ಮದ್ದು ಸಾಸಿವೆಯ ಹಾಗೆ ಸುರಿಯುತ್ತದೆ. ಯಂತ್ರದ ಹಿಡಿ ಎಳೆದ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ತೂಕ ಬೀಳುತ್ತದೆ. ಉದ್ದ ಕಡ್ಡಿಗಳು ಅಡ್ಡಡ್ಡ ಸಿಕ್ಕಿಕೊಳ್ಳುತ್ತವೆ, ಯಂತ್ರದಲ್ಲಿ ಕಟಕ್ ಅಂತ ತುಂಡಾಗುತ್ತವೆ, ತೂಕ ಏರುಪೇರಾಗುತ್ತದೆ. ಅದಕ್ಕೇ ಎಚ್4831ಕ್ಕೆ ಗಿಡ್ಡ ಕಡ್ಡಿಯ ಇನ್ನೊಂದು ರೂಪ ಬಂತು. ತಿಂಗಳಿಗೆ ಸಾವಿರ ತೋಟಾ ತುಂಬುವವರಿಗೆ ಇದು ದೊಡ್ಡ ವಿಷಯ. ಒಂದೊಂದನ್ನೇ ತಕ್ಕಡಿಯಲ್ಲಿ ತೂಗುವವರಿಗೆ ಅಲ್ಲ.

ಐದು ಈಡಿನ ಮೋಸ

ಈಗ ಆ ಪ್ರಶ್ನೆಗೆ ಬರೋಣ. ಎಚ್414 ಮತ್ತು ವಿಂಚೆಸ್ಟರ್ 760 ಒಂದೇ ಮದ್ದಾದರೆ ಜನರಿಗೆ ವ್ಯತ್ಯಾಸ ಕಂಡದ್ದು ಹೇಗೆ?

ಸಾಮಾನ್ಯವಾಗಿ ನಾವು ಮಾಡುವುದು ಇಷ್ಟು. ಒಂದು ಮದ್ದಿನಲ್ಲಿ ಐದು ತೋಟಾ ಹೊಡೆಯುತ್ತೇವೆ, ಇನ್ನೊಂದರಲ್ಲಿ ಐದು. ವೇಗ ಅಳೆಯುವ ಯಂತ್ರ ಇಟ್ಟು ಸರಾಸರಿ ನೋಡುತ್ತೇವೆ, ಈಡಿಂದ ಈಡಿಗೆ ವೇಗ ಎಷ್ಟು ಚದುರಿದೆ ಅಂತ ನೋಡುತ್ತೇವೆ. ಮೊದಲನೆಯದರಲ್ಲಿ ಚದುರುವಿಕೆ 8 ಅಡಿ, ಎರಡನೆಯದರಲ್ಲಿ 16 ಅಡಿ. ಎರಡು ಪಟ್ಟು! ತಕ್ಷಣ ತೀರ್ಪು ಕೊಟ್ಟುಬಿಡುತ್ತೇವೆ.

ಸಂಖ್ಯಾಶಾಸ್ತ್ರ ಇಲ್ಲಿ ತುಂಬಾ ನಿಷ್ಠುರ. ಐದು ಈಡಿನಿಂದ ಲೆಕ್ಕ ಹಾಕಿದ ಚದುರುವಿಕೆ 10 ಬಂದರೆ, ನಿಜವಾದ ಬೆಲೆ 6ರಿಂದ 29ರವರೆಗೆ ಎಲ್ಲಿ ಬೇಕಾದರೂ ಇರಬಹುದು. ನೂರಕ್ಕೆ ತೊಂಬತ್ತೈದರ ಭರವಸೆಯಲ್ಲಿ ಹೇಳುವುದಾದರೆ ಅಷ್ಟು ಅಗಲ. ಹತ್ತು ಈಡು ಹೊಡೆದರೆ 7ರಿಂದ 18. ಮೂವತ್ತು ಹೊಡೆದರೆ ಮಾತ್ರ 8ರಿಂದ 13ಕ್ಕೆ ಬಿಗಿಯಾಗುತ್ತದೆ. ಅಂದರೆ ಐದು ಈಡಿನಲ್ಲಿ ಕಂಡ 8 ಮತ್ತು 16 ಒಂದೇ ಡಬ್ಬಿಯ ಮದ್ದಿನಿಂದಲೂ ಬರಬಹುದು.

ನನ್ನದೇ ಹಳೆಯ ನೋಟ್‌ಬುಕ್ಕಿನಲ್ಲಿ ಇಂಥ ತೀರ್ಪುಗಳು ಪುಟಗಟ್ಟಲೆ ಇವೆ. "ಇದು ಚೆನ್ನಾಗಿದೆ", "ಇದು ಬೇಡ" ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಒಂದು ದಿನ ಒಂದೇ ಡಬ್ಬಿಯಿಂದ, ಒಂದೇ ಅಳತೆಗೆ ಮೂವತ್ತು ತೋಟಾ ತುಂಬಿ, ಐದೈದರಂತೆ ಆರು ಗುಂಪು ಹೊಡೆದೆ. ಆರೂ ಗುಂಪು ಬೇರೆ ಬೇರೆ ಬಂದವು. ಒಂದು ಗುಂಪು ಬಿಗಿಯಾಗಿತ್ತು, ಇನ್ನೊಂದು ನೋಡಲಾಗದಷ್ಟು ಹರಡಿತ್ತು. ಅವುಗಳಿಗೆ ಆರು ಬ್ರಾಂಡಿನ ಹೆಸರು ಹಾಕಿದ್ದರೆ ನಾನು ಖಂಡಿತ ನಂಬುತ್ತಿದ್ದೆ.

ಕೋವಿಯ ಪಾಲೂ ಇದೆ. ಒಂದೇ ಕಂಪನಿಯ, ಒಂದೇ ಉದ್ದದ ಎರಡು ನಳಿಗೆಗಳಲ್ಲಿ ಅದೇ ತೋಟಾದ ವೇಗ 50 ಅಡಿ ಬೇರೆ ಬರುವುದು ವಿಶೇಷವಲ್ಲ. ಗೆಳೆಯ ತನ್ನ ಕೋವಿಯಲ್ಲಿ ಒಂದು ಮದ್ದು, ನೀವು ನಿಮ್ಮ ಕೋವಿಯಲ್ಲಿ ಇನ್ನೊಂದು ಮದ್ದು ಹೊಡೆದು ಹೋಲಿಸಿದರೆ, ನೀವು ಹೋಲಿಸಿದ್ದು ಹೆಚ್ಚಾಗಿ ನಳಿಗೆಗಳನ್ನೇ.

ಮೂರನೆಯದು ಲಾಟ್. ಕಾರ್ಖಾನೆಯಲ್ಲಿ ಒಮ್ಮೆಗೆ ಮಾಡಿದ ರಾಶಿಗೆ ಒಂದು ಲಾಟ್ ಸಂಖ್ಯೆ ಇರುತ್ತದೆ, ಡಬ್ಬಿಯ ಮೇಲೆ ಮುದ್ರಿಸಿರುತ್ತಾರೆ. ರಾಶಿಯಿಂದ ರಾಶಿಗೆ ಉರಿಯುವ ವೇಗ ಸ್ವಲ್ಪ ಬದಲಾಗುತ್ತದೆ. ಕಾಫಿಪುಡಿ ಅಂಗಡಿಯವರು ಏನು ಮಾಡುತ್ತಾರೆ ನೆನೆಸಿಕೊಳ್ಳಿ. ಈ ವರ್ಷದ ಬೀಜ ಹೋದ ವರ್ಷದ ಹಾಗಿರುವುದಿಲ್ಲ. ಅದಕ್ಕೆ ಬೇರೆ ಬೇರೆ ತೋಟದ ಬೀಜ ಬೆರೆಸಿ, ರುಚಿ ಅದೇ ಬರುವಂತೆ ಹದ ಮಾಡುತ್ತಾರೆ. ಚಿಲ್ಲರೆ ಡಬ್ಬಿಗೆ ಹೋಗುವ ಮದ್ದನ್ನೂ ಹೀಗೇ ಬೆರೆಸಿ, ಹಳೆಯ ಮಾದರಿಗೆ ಹೊಂದಿಸುತ್ತಾರೆ. ಯಾಕೆಂದರೆ ಮನೆಯಲ್ಲಿ ತುಂಬುವವರ ಬಳಿ ಒತ್ತಡ ಅಳೆಯುವ ಯಂತ್ರ ಇರುವುದಿಲ್ಲ. ತೋಟಾ ಕಾರ್ಖಾನೆಗಳಿಗೆ ಹೋಗುವ ಸಗಟು ಮದ್ದಿಗೆ ಇಷ್ಟು ಹದ ಬೇಕಿಲ್ಲ. ಅವರು ಪ್ರತಿ ರಾಶಿಯನ್ನೂ ಪರೀಕ್ಷಿಸಿ ಅಳತೆ ಬದಲಿಸಿಕೊಳ್ಳುತ್ತಾರೆ. ಕಾರ್ಖಾನೆಯ ತೋಟಾ ಬಿಚ್ಚಿ, ಅದರಲ್ಲಿರುವ ಮದ್ದು ಇಂಥದ್ದೇ ಅಂತ ಕಣ್ಣಳತೆಯಲ್ಲಿ ಹೇಳಿ, ಅಷ್ಟೇ ತೂಕ ನಾವೂ ತುಂಬಲು ಹೋಗುವುದು ಇದರಿಂದಲೇ ಅಪಾಯ.

ಹದ ಮಾಡಿದ ಮೇಲೂ ಲಾಟ್‌ನಿಂದ ಲಾಟ್‌ಗೆ ಒಂದಿಷ್ಟು ವ್ಯತ್ಯಾಸ ಉಳಿಯುತ್ತದೆ. ವೇಗದಲ್ಲಿ ಹತ್ತಾರು ಅಡಿ ಕಂಡರೆ ಅಚ್ಚರಿಯಿಲ್ಲ. ಎಚ್414 ಮತ್ತು 760 ಬೇರೆ ಅನಿಸಿದವರು ಬಹುಶಃ ನೋಡಿದ್ದು ಎರಡು ಲಾಟ್‌ಗಳನ್ನು, ಅಥವಾ ಐದು ಈಡಿನ ಅದೃಷ್ಟವನ್ನು.

ಹಾಗಾದರೆ ಏನು ಕೊಳ್ಳುವುದು

ನನ್ನ ಕ್ರಮ ಹೇಳುತ್ತೇನೆ. ಮೊದಲು ಬ್ರಾಂಡ್ ನೋಡುವುದಿಲ್ಲ. ನನ್ನ ತೋಟಾಕ್ಕೆ, ನನ್ನ ಗುಂಡಿನ ತೂಕಕ್ಕೆ ಕೈಪಿಡಿ ಯಾವ ವೇಗದ ಮದ್ದುಗಳನ್ನು ಹೇಳುತ್ತದೆ ಅಂತ ನೋಡುತ್ತೇನೆ. ಸಾಮಾನ್ಯವಾಗಿ ಆರೇಳು ಹೆಸರು ಸಿಗುತ್ತವೆ. ಅವುಗಳಲ್ಲಿ ಕೇಸನ್ನು ಚೆನ್ನಾಗಿ ತುಂಬುವಂಥದ್ದು ನನಗೆ ಇಷ್ಟ. ಅರ್ಧಕ್ಕೇ ನಿಂತರೆ ಮದ್ದು ಒಳಗೆ ಅತ್ತಿತ್ತ ಜಾರುತ್ತದೆ. ತುಂಬಿದ್ದರೆ ತಪ್ಪಿ ಎರಡು ಸಲ ಹಾಕಿದಾಗ ಉಕ್ಕಿ ಚೆಲ್ಲಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಹವೆ, ಆಮೇಲೆ ಅಳೆಯುವ ಸುಲಭ.

ಆಮೇಲೆ ಅಂಗಡಿಯಲ್ಲಿ ಸದಾ ಸಿಗುತ್ತದೆಯಾ ಅನ್ನುವುದು. ಇತ್ತೀಚಿನ ವರ್ಷಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿದೆ. ಯುಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿ ಮದ್ದಿಗೆ ನೈಟ್ರೋಸೆಲ್ಯುಲೋಸ್ ಬೇಡಿಕೆ ಏರಿ, ಚಿಲ್ಲರೆ ಡಬ್ಬಿಗಳಿಗೆ ಕೊರತೆ ಬಂತು. ಬೆಲೆಯೂ ಏರಿತು. ಒಂದು ಮದ್ದಿಗೆ ಹೊಂದಿಸಿಕೊಂಡು ಕೂತವರು ಅದು ಸಿಗದೆ ಪರದಾಡಿದರು. ಆಗಲೇ ಕೆಲವರು "ಇದೂ ಅದೂ ಒಂದೇ" ಅಂತ ಅಳತೆ ಬದಲಿಸದೆ ಬೇರೆ ಡಬ್ಬಿ ಸುರಿಯುವ ಆಸೆಗೆ ಬೀಳುವುದು. ಹೊಸ ಡಬ್ಬಿ ಅಂದರೆ ಹೊಸ ಕೈಪಿಡಿ ಪುಟ, ಕೆಳಗಿನ ಅಳತೆಯಿಂದ ಹೊಸ ಶುರು. ಹೆಸರಿನಲ್ಲಿ ಒಂದಕ್ಷರ ಬೇರೆ ಇದ್ದರೂ ಅಷ್ಟೇ.

ಎರಡು ಮದ್ದು ಹೋಲಿಸಲೇಬೇಕು ಅನಿಸಿದರೆ ಒಂದೊಂದರಲ್ಲೂ ಕನಿಷ್ಠ ಇಪ್ಪತ್ತು ತೋಟಾ ತುಂಬಿ. ಅದೇ ಕೇಸ್, ಅದೇ ಪ್ರೈಮರ್, ಅದೇ ಗುಂಡು, ಅದೇ ದಿನ. ಒಂದನ್ನು ಮುಗಿಸಿ ಇನ್ನೊಂದು ಹೊಡೆಯಬೇಡಿ. ನಳಿಗೆ ಬಿಸಿಯಾಗಿರುತ್ತದೆ, ಭುಜ ಸೋತಿರುತ್ತದೆ, ಎರಡನೆಯದಕ್ಕೆ ಅನ್ಯಾಯ ಆಗುತ್ತದೆ. ಐದು ಇದು, ಐದು ಅದು ಅಂತ ಬದಲಿಸುತ್ತಾ, ನಡುವೆ ನಳಿಗೆ ತಣಿಯಲು ಬಿಟ್ಟು ಹೊಡೆಯಿರಿ. ಸಾಧ್ಯವಾದರೆ ಯಾವುದು ಯಾವುದು ಅಂತ ನಿಮಗೇ ಗೊತ್ತಾಗದಂತೆ ಗೆಳೆಯನ ಕೈಗೆ ಕೊಟ್ಟು, ಅವರಿಂದ ಒಂದೊಂದೇ ಈಸಿಕೊಳ್ಳಿ.

ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಲಿ. ಉಳಿದ ಮದ್ದನ್ನು ಅದೇ ಡಬ್ಬಿಗೆ ಮಾತ್ರ ಹಿಂದಕ್ಕೆ ಹಾಕಿ. ಯಾವುದು ಅಂತ ಅನುಮಾನ ಬಂದರೆ ಅದನ್ನು ಬಳಸಲೇಬೇಡಿ. ತುಂಬಿದ ತೋಟಾಗಳ ಪೆಟ್ಟಿಗೆಯ ಮೇಲೆ ಮದ್ದಿನ ಪೂರ್ತಿ ಹೆಸರು, ತೂಕ, ತಾರೀಕು ಬರೆಯಿರಿ, ಪಕ್ಕದಲ್ಲಿ ಲಾಟ್ ಸಂಖ್ಯೆಯನ್ನೂ ಬರೆಯಿರಿ. ಹಿಡಿಸಿದ ಮದ್ದು ಸಿಕ್ಕಿದ್ದರೆ, ಡಬ್ಬಿ ಅರ್ಧ ಇರುವಾಗಲೇ ಅದೇ ಅಂಗಡಿಗೆ ಹೋಗಿ, ಅದೇ ಲಾಟ್‌ನ ಇನ್ನೊಂದು ಉಳಿದಿದೆಯಾ ಅಂತ ಕೇಳಿ.